ಕಿಟಕಿಯ ಮೇಲಿನ ಅಗಸಿ ಎಣ್ಣೆ

ತೇರಗಾಂವದ ನಮ್ಮ ತವರುಮನೆಯ ಹಿಂದೆ ಒಂದು ಗಾಣವಿತ್ತು. ಅಗಸಿ ಕಾಳು ಅರೆಯುವ ದಿನ ಅದರ ವಾಸನೆ ಓಣಿಗೆಲ್ಲ ಹರಡುತ್ತಿತ್ತು. ಹಸಿ ಹುಲ್ಲು, ಹುರಿದ ಕಾಳು, ಎತ್ತಿನ ಮೈಬೆವರು ಮೂರೂ ಕೂಡಿದಂಥ ವಾಸನೆ. ಅವ್ವ ಬಿಸಿ ರೊಟ್ಟಿಯ ಮೇಲೆ ಅಗಸಿ ಹಿಂಡಿ, ಅಂದರೆ ಚಟ್ನಿಪುಡಿ, ಹಾಕಿ, ನಡುವೆ ಬೆರಳಿನಿಂದ ಕುಣಿ ಮಾಡಿ, ಅದರಲ್ಲಿ ಹೊಸ ಎಣ್ಣೆ ಬಿಡುತ್ತಿದ್ದಳು. ಧಾರವಾಡದಲ್ಲಿ ಬಿ.ಎ. ಓದುವಾಗ ಹಾಸ್ಟೆಲಿನ ಊಟ ಸೇರದ ದಿನ ಆ ವಾಸನೆಯನ್ನು ನೆನೆಸಿಕೊಂಡೇ ತುತ್ತು ಇಳಿಸಿದ್ದೇನೆ.

ಈಗಲೂ ನೆನೆಸಿಕೊಂಡೇ ಇಳಿಸುತ್ತೇನೆ. ಕೊರೊನಾ ಬಂದು ಹೋದಾಗ ನನ್ನ ಮೂಗು ಹೋಯಿತು. ಮನೆಯಲ್ಲಿ ಉಳಿದವರಿಗೆಲ್ಲ ತಿಂಗಳೊಪ್ಪತ್ತಿನಲ್ಲಿ ವಾಸನೆ ತಿರುಗಿ ಬಂತು, ನನಗೆ ಬರಲಿಲ್ಲ. ಅನ್ನ ತಿಂದರೆ ಒದ್ದೆ ಅರಿವೆ ಅಗಿದಂತೆ. ಹಾಲು ಕುಡಿದರೆ ಸುಣ್ಣದ ತಿಳಿ. ನಿನ್ನೆಯ ಸಾರು ಹಳಸಿದೆಯೋ ಇಲ್ಲವೋ ಎಂಬುದನ್ನು ನೊರೆ ನೋಡಿಯೇ ಹೇಳಬೇಕು. ಊಟವೆಂದರೆ ಅಸಹ್ಯ ಹುಟ್ಟುವಷ್ಟಾಗಿತ್ತು. ಆದರೆ ಯಾರಿಗೂ ಹೇಳಲಿಲ್ಲ. ಹೇಳಿದರೆ ನನ್ನನ್ನು ಒಲೆಯ ಮುಂದಿನಿಂದ ಎಬ್ಬಿಸುತ್ತಾರೆ. ಎಪ್ಪತ್ನಾಲ್ಕನೆಯ ವಯಸ್ಸಿನಲ್ಲಿ ಮನೆಯೊಳಗೆ ನನ್ನದು ಅಂತ ಉಳಿದದ್ದು ಆ ಒಲೆಯೊಂದೇ. ವಾಸನೆಯ ಮಾತು ಬಂದಾಗಲೆಲ್ಲ ಉಳಿದವರ ಮುಖ ನೋಡಿ ನಾನೂ ಹಾಗೆಯೇ ಮುಖ ಮಾಡುತ್ತಿದ್ದೆ. ನಾಲ್ಕು ವರ್ಷ ಹೀಗೆಯೇ ನಡೆದಿತ್ತು.

ನನ್ನ ಮಗ ಲೋಕೇಶ ಆರ್ಕಿಟೆಕ್ಟ್. ಹಳಿಯಾಳದ ನಮ್ಮ ಮನೆಯ ಮುಂದಿನ ಖೋಲಿಯೇ ಅವನ ಆಫೀಸು. ಇಪ್ಪತ್ತೆರಡು ವರ್ಷ ಮನೆ, ಕಲ್ಯಾಣಮಂಟಪ, ಈಚೆಗೆ ದಾಂಡೇಲಿ ಕಡೆಯ ರೆಸಾರ್ಟುಗಳ ನಕ್ಷೆ ಬರೆದಿದ್ದಾನೆ. ಹೋದ ದೀಪಾವಳಿಯ ನಂತರ ಯಾವುದೋ ಜಾಗ ನೋಡಲು ಜೋಯಿಡಾ ದಾರಿಯಲ್ಲಿ ಹೋದವನು ಒಂದು ಹಳ್ಳದ ದಂಡೆಯ ಚಹದಂಗಡಿಯಲ್ಲಿ ನಿಂತನಂತೆ. ಮುಖ ತೊಳೆಯಲು ಹಳ್ಳಕ್ಕೆ ಇಳಿಯುತ್ತಿದ್ದವನನ್ನು ಅಂಗಡಿಯ ಗೋದುಬಾಯಿ ಕೂಗಿ ಕರೆದು, ತಾನು ದೂರದಿಂದ ಹೊತ್ತು ತಂದ ಕ್ಯಾನಿನ ನೀರು ಕೊಟ್ಟಳಂತೆ.

"ಅದರಾಗ ಕೈ ಹಾಕಬ್ಯಾಡ್ರಿ ಸಾಹೇಬ. ವರ್ತಿ, ಅಲ್ಲಿ ಮ್ಯಾಲ, ರೆಸಾರ್ಟ್ ಆಗ್ಯದಲ್ಲ, ಅದರ ಸಂಡಾಸದ್ದು ಎಲ್ಲಾ ಇಲ್ಲೇ ಬರ್ತದ," ಅಂದಳಂತೆ.

ಹಳ್ಳದ ಗುಂಟ ಹತ್ತಿ ಹೋದರೆ ಅದು ಅವನೇ ಬರೆದ ರೆಸಾರ್ಟು. ಅವನ ನಕ್ಷೆಯಲ್ಲಿ ಸಂಡಾಸದ ಗುಂಡಿ ಮೇಲಿನ ಬಯಲಿನಲ್ಲಿತ್ತು. ಕಟ್ಟಿದವರು ಅದನ್ನು ಕಟ್ಟದೆ ಒಂದು ಪೈಪು ಹಾಕಿ ಹಳ್ಳಕ್ಕೆ ಬಿಟ್ಟಿದ್ದರು. ಗೇಟಿನ ಬೋರ್ಡಿನ ಮೇಲೆ ಅವನ ಹೆಸರಿತ್ತು. ಆ ದಿನ ಮನೆಗೆ ಬಂದು ಬಚ್ಚಲಲ್ಲಿ ವಾಂತಿ ಮಾಡಿಕೊಂಡ. ಮೂರು ದಿನ ಮಜ್ಜಿಗೆಯ ಹೊರತು ಏನೂ ಮುಟ್ಟಲಿಲ್ಲ. ನಾಲ್ಕನೆಯ ದಿನ ಇನ್ನು ನಕ್ಷೆ ಬರೆಯುವುದಿಲ್ಲ ಎಂದು ಹೇಳಿ, ಕೈಯಲ್ಲಿದ್ದ ಕೆಲಸಗಳನ್ನು ಗೆಳೆಯನಿಗೆ ಒಪ್ಪಿಸಿಬಿಟ್ಟ. ಹುಬ್ಬಳ್ಳಿಗೆ ಹೋಗಿ ಎಣ್ಣೆಬಣ್ಣದ ಟ್ಯೂಬು, ಕುಂಚ, ಕ್ಯಾನ್ವಾಸು ತಂದು ಹಿತ್ತಲ ಖೋಲಿಯಲ್ಲಿ ಕುಳಿತ. ಹೂವು ಬರೆಯಲು ಶುರು ಮಾಡಿದ. ಹೂವು ಬಿಟ್ಟು ಬೇರೇನೂ ಇಲ್ಲ.

ಮೊದಲು ಬರೆದದ್ದು ದಾಸವಾಳ. ಹೂವನ್ನು ಮೇಜಿನ ಮೇಲೆ ಮಲಗಿಸಿ, ಸ್ಕೇಲಿನಿಂದ ಎಸಳು ಅಳೆದು, ಕ್ಯಾನ್ವಾಸಿನ ಮೇಲೆ ಚೌಕ ಹಾಕಿ ಬರೆಯುತ್ತಿದ್ದ. ಪಾತ್ರೆ ತಿಕ್ಕುವ ಈರಕ್ಕ ಬಾಗಿಲಲ್ಲಿ ನಿಂತು ನೋಡಿ ಕೇಳಿದಳು: "ಸಾಹೇಬ್ರ, ಹೂವಿಗೆ ಎಷ್ಟ ಖೋಲಿ ಹಾಕಾಕ ಹತ್ತೀರಿ?"

ಅವನು ನಕ್ಕ. ಎಷ್ಟೋ ದಿನದ ಮೇಲೆ ನಕ್ಕಿದ್ದ. ಮರುದಿನದಿಂದ ಈರಕ್ಕ ಕೆಲಸಕ್ಕೆ ಬರುವಾಗ ದಾರಿಯ ಬೇಲಿಯಿಂದ ಒಂದೊಂದು ಹೂವು ಕಿತ್ತು, ತೊಟ್ಟು ಒದ್ದೆ ಅರಿವೆಯಲ್ಲಿ ಸುತ್ತಿ ತಂದು ಅವನ ಕಿಟಕಿಯಲ್ಲಿ ಇಡತೊಡಗಿದಳು. ಯಾರೂ ಹೇಳಿರಲಿಲ್ಲ.

ಸೊಸೆ ಸುಮಿತಾ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಅವಳಿಗೆ ಅಸಹ್ಯವಾದದ್ದು ವಾಸನೆ. ಕುಂಚ ತೊಳೆಯುವ ಟರ್ಪಿನ ಎಣ್ಣೆಯ ವಾಸನೆ ಹಾಸಿಗೆಗೆ, ಒಗೆದ ಸೀರೆಗೆ, ಹಿಟ್ಟಿನ ಡಬ್ಬಿಗೆ ಹೊಕ್ಕಿತ್ತಂತೆ. ಶಾಲೆಯಲ್ಲಿ ಪಕ್ಕದ ಟೀಚರು ನಿಮ್ಮ ಮನೆಗೆ ಪೇಂಟ್ ಹೊಡೆಸಾಕ ಹತ್ತೀರೇನು ಎಂದು ಕೇಳಿದಳಂತೆ. ಊಟಕ್ಕೆ ಕುಳಿತಾಗ ಸುಮಿತಾ ತಾಟನ್ನು ದೂಡಿ ಎದ್ದದ್ದೂ ಉಂಟು.

"ಈ ಅನ್ನದಾಗೂ ಅದ ಬರ್ತೈತಿ. ನಿಮಗ ಬರೂದಿಲ್ಲೇನ್ರಿ ಅತ್ತಿ?"

"ಬರ್ತೈತೆವ್ವ. ಥೂ, ಕುತ್ತಿಗಿಗೆ ಬಂದ ನಿಂದರ್ತೈತಿ," ಎಂದು ನಾನು ಸೆರಗನ್ನು ಮೂಗಿಗೆ ಹಿಡಿದೆ.

ನನಗೆ ಏನೂ ಬರುತ್ತಿರಲಿಲ್ಲ. ಲೋಕೇಶ ತಲೆ ತಗ್ಗಿಸಿ ಉಂಡು, ತಾಟು ತಾನೇ ತೊಳೆದಿಟ್ಟು ಹೋದ. ಅಂದಿನಿಂದ ಕುಂಚ ತೊಳೆಯುವುದನ್ನು ಹಿತ್ತಲ ತುದಿಯ ಪೇರಲಗಿಡದ ಕೆಳಗೆ ಮಾಡತೊಡಗಿದ. ಸಂಜೆ ಕೈಗೆ ಸಾಬೂನು ಹಚ್ಚಿ ತಿಕ್ಕಿ ತಿಕ್ಕಿ ಒಳಗೆ ಬಂದು, "ಈಗ ಹೆಂಗ ಐತಿ ಅವ್ವ?" ಎಂದು ನನ್ನ ಮುಖದ ಮುಂದೆ ಕೈ ಹಿಡಿಯುತ್ತಿದ್ದ. ನಾನು ಮೂಸಿದಂತೆ ಮಾಡಿ, ಇನ್ನೂ ಐತಿ ನೋಡು ಎನ್ನುತ್ತಿದ್ದೆ. ಅವನು ಮತ್ತೆ ಹೋಗಿ ತೊಳೆಯುತ್ತಿದ್ದ. ಇದನ್ನು ಬರೆಯುವಾಗ ನನಗೇ ಹೇಸಿಗೆಯಾಗುತ್ತದೆ.

ಶಿವರಾತ್ರಿ ಮುಗಿದ ವಾರ ಬೀಗರು ಚನಬಸಪ್ಪನವರ ಫೋನು ಬಂತು. ನನ್ನ ಮೊಮ್ಮಗಳು ನೀಲಾಂಬಿಕಾಳನ್ನು ಮುಂಡಗೋಡದ ಅವರ ಮಗ ಶರಣಬಸವನಿಗೆ ಕೊಟ್ಟಿದೆ. ಟಿಬೆಟನ್ ಕಾಲೊನಿಯವರ ಗೋವಿನಜೋಳ ಕೊಂಡು ಮಾರುವ ಮನೆತನ. ನೀಲಾ ಆಗ ಐದು ತಿಂಗಳ ಬಸುರಿ. ಚನಬಸಪ್ಪನವರು ಜೋಯಿಡಾದ ಕಡೆ ಜಾಗ ಹಿಡಿದಿದ್ದರು, ಹನ್ನೆರಡು ಖೋಲಿಯ ರೆಸಾರ್ಟು ಮಾಡುವುದಿತ್ತು, ಬೀಗರೇ ನಕ್ಷೆ ಬರೆದು ಸಹಿ ಮಾಡಬೇಕು. ಲೋಕೇಶ ಕೇಳಿದ್ದು ಒಂದೇ ಮಾತು, ಗುಂಡಿ ಎಲ್ಲಿ ಅಂತ.

"ಕೆಳಗ ಹಳ್ಳ ಐತೆಲ್ಲ ಬೀಗರ. ಇಳಕಲಿಗೆ ತಾನ ಹೊಕ್ಕೈತಿ. ಮ್ಯಾಲ ಜಾಗಾ ಹಾಳ ಮಾಡಿದ್ರ ಮಂದಿ ಕುಂತು ಏನ ನೋಡಬೇಕ?"

ಹಾಗಾದರೆ ನನ್ನಿಂದ ಆಗುವುದಿಲ್ಲ ಎಂದು ಲೋಕೇಶ ಫೋನು ಇಟ್ಟ. ಅಂದು ಮಧ್ಯಾಹ್ನ ಜುಣಕ, ರೊಟ್ಟಿ ಮಾಡಿದ್ದೆ. ಯಾರೂ ನೆಟ್ಟಗೆ ಉಣ್ಣಲಿಲ್ಲ.

"ನೀಲಾ ಅವರ ಮನ್ಯಾಗ ಅದಾಳ," ಅಂದಳು ಸುಮಿತಾ. "ನಿಮ್ಮ ಮ್ಯಾಲಿನ ಸಿಟ್ಟು ಯಾರ ಮ್ಯಾಲ ತೀರಸ್ತಾರ ಅವರು? ಹೂವಿನ ಮುಂದ ಕುಂತ ಮನಷ್ಯಾಗ ಮಗಳ ನೆನಪ ಇರಬೇಕ."

"ಅದಕ್ಕ ಮತ್ತೊಂದ ಊರಿನ ಬಾಯಾಗ ಹೇಲ ಹಾಕಂತೀಯೇನು?"

ನಮ್ಮ ಮನೆಯಲ್ಲಿ ತಾಟಿನ ಮುಂದೆ ಅಂಥ ಮಾತು ಯಾರೂ ಆಡಿರಲಿಲ್ಲ. ಸುಮಿತಾ ರೊಟ್ಟಿಯ ತುಂಡನ್ನು ತಾಟಿನಲ್ಲಿ ಹಾಕಿ ಎದ್ದಳು. ಲೋಕೇಶ ಎರಡು ಹೊತ್ತು ಹಿತ್ತಲ ಖೋಲಿಯಿಂದ ಹೊರಗೆ ಬರಲಿಲ್ಲ. ಅವನು ಬರೆಯುತ್ತಿದ್ದದ್ದು ಮುತ್ತುಗದ ಹೂವು. ಈಗ ಸ್ಕೇಲು ಬಿಟ್ಟಿದ್ದ. ಬಣ್ಣವನ್ನು ದಪ್ಪಗೆ ಹಚ್ಚಿದ್ದ. ಆ ಕೆಂಪು, ಒಲೆಯಲ್ಲಿ ಈಗ ತಾನೇ ಹೊತ್ತಿದ ಕಟ್ಟಿಗೆಯಂತಿತ್ತು. ಚಹ ಕೊಡಲು ಹೋದವಳು ನಿಂತೇ ಬಿಟ್ಟೆ. ಚಲೋ ಬಂದೈತಿ ಎಂದು ಒಂದು ಮಾತು ಹೇಳಬೇಕಿತ್ತು. ಸುಮಿತಾ ಕೇಳಿಯಾಳೆಂದು ಹೇಳಲಿಲ್ಲ.

ನೀಲಾಗೆ ಬಯಕೆ ಬುತ್ತಿ ಒಯ್ಯುವುದಿತ್ತು. ಬಸುರಿ ಮಗಳಿಗೆ ತವರಿನವರು ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ, ಅವಳು ಮೊದಲ ತುತ್ತು ತಿಂದ ಮೇಲೆ ಬೀಗರು ಅದನ್ನು ಓಣಿಯ ಮನೆಗಳಿಗೆಲ್ಲ ಬೀರುತ್ತಾರೆ. ಅದು ಮುಗಿಯುವವರೆಗೆ ಕಟ್ಟಿದವರು ರುಚಿ ನೋಡುವಂತಿಲ್ಲ. ನಮ್ಮತ್ತೆಯ ಕಾಲದಿಂದ ಆ ಬುತ್ತಿ ಮೀಸಲು. ಸುಮಿತಾ ಶಾಲೆಗೆ ರಜೆ ಹಾಕಿ ಎರಡು ದಿನ ಶೇಂಗಾ ಹೋಳಿಗೆ, ಕರ್ಚಿಕಾಯಿ, ಎಣಗಾಯಿ ಮಾಡಿದಳು. ಈರಕ್ಕ ತನ್ನ ಮನೆಯ ಕೆಲಸ ಬಿಟ್ಟು ಬಂದು ರೊಟ್ಟಿ ಬಡಿದಳು. ನೀಲಾ ಮಾತ್ರ ನನಗೇ ಫೋನು ಮಾಡಿದ್ದಳು.

"ಆಯಿ, ನೀನ ಮಾಡಿದ ಅಗಸಿ ಹಿಂಡಿ ಬೇಕ. ಬ್ಯಾರೆ ಏನೂ ಬಾಯಿಗೆ ಸೇರವಲ್ದು."

ಹುರಿದು ಕುಟ್ಟಿದ ಹಿಂಡಿ ಕಣ್ಣಿಗೆ ಒಣ ಮಣ್ಣಿನಂತೆ ಕಂಡಿತು. ನಮ್ಮವ್ವ ಬಿಡುತ್ತಿದ್ದಂತೆ ಎಣ್ಣೆ ಬಿಟ್ಟು ಕಲಸಬೇಕೆನಿಸಿತು. ಅಡಿಗೆಮನೆಯ ಕಿಟಕಿಯ ಮೇಲೆ ಬಿಸಿಲಿಗೆ ಲೋಕೇಶನ ಒಂದು ಗಾಜಿನ ಬಾಟಲಿ ಇತ್ತು. ಮನೆಯಲ್ಲಿ ಎಲ್ಲಕ್ಕೂ ಹೆಚ್ಚು ಬಿಸಿಲು ಬೀಳುವುದು ಅಲ್ಲಿಯೇ. ಅದೇನೆಂದು ನಾನು ತಿಂಗಳ ಹಿಂದೆ ಕೇಳಿದ್ದಕ್ಕೆ, ಬಣ್ಣಕ್ಕ ಹಾಕೂ ಅಗಸಿ ಎಣ್ಣಿ ಅವ್ವ, ಬಿಸಿಲಿಗೆ ತಿಳಿ ಆಗ್ತೈತಿ ಎಂದಿದ್ದ. ಅದೇ ಬಾಟಲಿಗೆ ಆಮೇಲೆ ಟರ್ಪಿನ ಎಣ್ಣೆ ಬೆರೆಸಿದ್ದನ್ನು ನಾನು ಕಂಡಿರಲಿಲ್ಲ. ಬಾಟಲಿ ಎತ್ತಿ ಬೆಳಕಿಗೆ ಹಿಡಿದೆ. ತವರಿನ ಗಾಣದ ಎಣ್ಣೆಯ ಬಣ್ಣವೇ. ಮೂಗಿಗೂ ಹಿಡಿದೆ, ರೂಢಿಯ ಮೇಲೆ. ನಾಲ್ಕು ಚಮಚ ಬಿಟ್ಟು ಕೈಯಿಂದ ತಿಕ್ಕಿ ತಿಕ್ಕಿ ಕಲಸಿ ಡಬ್ಬಿಗೆ ಒತ್ತಿದೆ. ಮನೆಯೆಲ್ಲ ಅದೇ ವಾಸನೆ ತುಂಬಿದ್ದರಿಂದ ಡಬ್ಬಿ ಕಟ್ಟಿದ ಸುಮಿತಾಳಿಗೂ ತಿಳಿಯಲಿಲ್ಲ.

ಗಂಡಹೆಂಡತಿ ಇಬ್ಬರೂ ಬುತ್ತಿ ಒಯ್ದರು. ಸಂಜೆ ತಿರುಗಿ ಬಂದಾಗ ಸುಮಿತಾ ಬುಟ್ಟಿಯನ್ನು ಪಡಸಾಲೆಯಲ್ಲಿ ಇಟ್ಟು, ಮುಚ್ಚಿದ ಅರಿವೆ ಎಳೆದಳು. ರೊಟ್ಟಿ, ಹೋಳಿಗೆ, ಎಲ್ಲವೂ ಕಟ್ಟಿದ ಹಾಗೆಯೇ ಇದ್ದವು.

ಆದದ್ದನ್ನು ಅವಳು ನಿಂತುಕೊಂಡೇ ಹೇಳಿದಳು. ಡಬ್ಬಿ ಬಿಚ್ಚಿದ ಕೂಡಲೇ ಬೀಗತಿ ಶಿವಗಂಗವ್ವ ಮೂಗು ಮುಚ್ಚಿಕೊಂಡರಂತೆ. ಆದರೆ ನೀಲಾ, ಆಯಿ ಮಾಡಿದ್ದು ಎಂದು ಒಂದು ತುತ್ತು ನುಂಗಿಯೇ ಬಿಟ್ಟಳಂತೆ. ಅಷ್ಟರಲ್ಲಿ ಪದ್ಧತಿಯಂತೆ ಓಣಿಯ ಐದು ಮನೆಗೆ ಹಿಂಡಿಯ ಬಟ್ಟಲು ಹೋಗಿದ್ದವು. ಒಂದೊಂದಾಗಿ ಐದೂ ತಿರುಗಿ ಬಂದವು. ಒಬ್ಬ ಹೆಣ್ಣುಮಗಳು ಬಾಗಿಲಲ್ಲಿ ನಿಂತು, ನಿಮ್ಮ ಬೀಗರು ಬಾಗಿಲಿಗೆ ಹಚ್ಚೂದನ್ನ ರೊಟ್ಟಿಗೆ ಹಚ್ಯಾರೇನು ಎಂದು ಕೇಳಿದಳಂತೆ. ಒಳಗೆ ನೀಲಾ ವಾಂತಿ ಮಾಡಿಕೊಳ್ಳುತ್ತಿದ್ದಳು. ದವಾಖಾನೆಗೆ ಓಡಿದರು. ಕೂಸಿಗೆ ಏನೂ ಆಗಿಲ್ಲ, ಹೆದರಬೇಡಿ ಎಂದು ಡಾಕ್ಟರು ಹೇಳಿದ ಮೇಲೆಯೇ ಇವರು ಹೊರಟದ್ದು.

ಲೋಕೇಶ ಡಬ್ಬಿಯನ್ನು ಮೂಸಿದ. ಕಿಟಕಿಗೆ ಹೋಗಿ ಬಾಟಲಿಯನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ನಾನು ಬುಟ್ಟಿಯ ಅರಿವೆ ಮಡಿಸತೊಡಗಿದೆ.

"ನಂದ ತಪ್ಪು," ಅಂದ ಅವನು. "ಬಾಟ್ಲಿ ಹಿಂಡಿಯ ಹಂತ್ಯಾಕ ಇಟ್ಟಿದ್ದೆ. ಸೋರಿರಬೇಕ."

ಸುಮಿತಾ ಹಿತ್ತಲ ಖೋಲಿಗೆ ಹೋಗಿ ಟ್ಯೂಬು, ಕುಂಚ, ಅರ್ಧ ಬರೆದ ಸೇವಂತಿಗೆ ಎಲ್ಲವನ್ನೂ ಗೋಣಿಚೀಲಕ್ಕೆ ಹಾಕಿ ಪೇರಲಗಿಡದ ಕೆಳಗೆ ಎಸೆದು ಬಂದಳು. ಅವನು ತಡೆಯಲಿಲ್ಲ. ಮರುದಿನ ಬೀಗರಿಗೆ ತಾನೇ ಫೋನು ಮಾಡಿ, ನಿಮ್ಮ ನಕ್ಷೆ ಬರೆದುಕೊಡುತ್ತೇನೆ, ಗುಂಡಿ ನೀವು ಹೇಳಿದ ಕಡೆಯೇ ಇರಲಿ ಎಂದ.

ಮೂರು ವಾರ ಅವನು ಮುಂದಿನ ಖೋಲಿಯಲ್ಲಿ ಕುಳಿತು ಆ ಹನ್ನೆರಡು ಖೋಲಿ ಬರೆದ. ಊಟಕ್ಕೆ ಕರೆದರೆ ಬರುತ್ತಿದ್ದ. ನಾಲ್ಕು ತುತ್ತು ತಿಂದು, ಬಾಯಿಗೆ ಕೈ ಹಿಡಿದು, ಎದ್ದು ಹೋಗುತ್ತಿದ್ದ. ಬಚ್ಚಲಿನಿಂದ ಸಪ್ಪಳ ಕೇಳುತ್ತಿತ್ತು. ಸುಮಿತಾ ಅವನಿಗೆ ನೀಡುವಾಗ ಮುಖ ಬೇರೆ ಕಡೆ ತಿರುಗಿಸುತ್ತಿದ್ದಳು. ನನಗೆ ಮಾತ್ರ ಹೆಚ್ಚು ತುಪ್ಪ ಹಾಕುತ್ತಿದ್ದಳು. ಪಾಪ, ವಯಸ್ಸಾದವರು ಅಷ್ಟು ಕಷ್ಟಪಟ್ಟು ಕುಟ್ಟಿದ್ದು ಹಾಳಾಯಿತಲ್ಲ ಎಂದು ಈರಕ್ಕನ ಮುಂದೆ ಹೇಳುತ್ತಿದ್ದಳು. ಆ ತುಪ್ಪ ನಾಲಿಗೆಯ ಮೇಲೆ ಮೇಣದಂತೆ ಹತ್ತಿಕೊಳ್ಳುತ್ತಿತ್ತು.

ಹೇಳಲೇಬೇಕು ಎಂದುಕೊಂಡು ದಿನಾ ಬೆಳಿಗ್ಗೆ ಏಳುತ್ತಿದ್ದೆ. ಚಹದ ಹೊತ್ತಿಗೆ ಊಟದ ಹೊತ್ತಿಗೆ ಎನ್ನುತ್ತಿದ್ದೆ, ಊಟದ ಹೊತ್ತಿಗೆ ನಾಳೆ ಎನ್ನುತ್ತಿದ್ದೆ. ಒಂದು ದಿನ ಒಲೆಯ ಮೇಲೆ ಹಾಲು ಸೀದು ಹೋಗಿತ್ತು. ನಾನು ಪಕ್ಕದಲ್ಲೇ ಕುಳಿತು ಕಾಯಿಪಲ್ಲೆ ಸೋಸುತ್ತಿದ್ದೆ. ಈರಕ್ಕ ಹಿತ್ತಲಿನಿಂದ ಓಡಿ ಬಂದು ಗ್ಯಾಸು ಬಂದ್ ಮಾಡಿದಳು. ನನ್ನನ್ನು ಬಹಳ ಹೊತ್ತು ನೋಡಿದಳು. ಪಾತ್ರೆ ತೊಳೆದು ಬೋರಲು ಹಾಕಿದಳು. ಸುಮಿತಾಳಿಗೆ ಹೇಳಲಿಲ್ಲ. ಈರಕ್ಕ ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಯುಗಾದಿ ಆದ ಎರಡನೆಯ ದಿನ ನಕ್ಷೆ ಮುಗಿಯಿತು. ಬೀಗರ ಎದುರಿಗೇ ಸಹಿ ಮಾಡಿ ಕೊಟ್ಟು, ಓಣಿಯಲ್ಲಿ ಆದ ಅವಮಾನಕ್ಕೆ ತಪ್ಪೊಪ್ಪಿಕೊಂಡು ಬರುವುದೆಂದು ಗಂಡಹೆಂಡತಿ ಹೊರಟರು. ನಾನೂ ಬರ್ತೇನಿ ಅಂದೆ. ನೀಲಾನ ನೋಡಬೇಕು ಅಂದೆ.

ದಾರಿಯುದ್ದಕ್ಕೂ ನಕ್ಷೆಯ ಸುರುಳಿ ನನ್ನ ತೊಡೆಯ ಮೇಲಿತ್ತು.

ಚನಬಸಪ್ಪನವರು ಪಡಸಾಲೆಯಲ್ಲಿ ಟೀಪಾಯಿಯ ಮೇಲಿನ ಸಾಮಾನು ಸರಿಸಿ ನಕ್ಷೆ ಹಾಸಿಸಿದರು. ನಾಲ್ಕು ಮೂಲೆಗೆ ನಾಲ್ಕು ಚಹದ ಕಪ್ಪು ಇಟ್ಟರು. ಅಳಿಯ ಶರಣಬಸವ ಬಾಗಿಲಿಗೆ ಒರಗಿ ನಿಂತಿದ್ದ. ಶಿವಗಂಗವ್ವ ನನ್ನ ಪಕ್ಕದಲ್ಲಿ ಕುಳಿತು, ಇಷ್ಟು ದೂರ ಯಾಕೆ ಬಂದಿರಿ, ಕಾಲು ಬಾತಿವೆ ಎಂದು ಒಂದು ತಲೆದಿಂಬು ತಂದು ಬೆನ್ನಿಗೆ ಕೊಟ್ಟರು. ಬೇಡವಾಗಿತ್ತು ನನಗೆ ಆ ಉಪಚಾರ.

"ಬಣ್ಣದ ಹುಚ್ಚು ಬಿಡ್ತಲ್ಲ ಬೀಗರ?" ಅಂದರು ಚನಬಸಪ್ಪ. "ಒಂದ ಹಿಂಡಿ ಡಬ್ಬಿ ಎಷ್ಟ ಕೆಲಸಾ ಮಾಡ್ತು ನೋಡ್ರಿ. ನಾವು ಎಷ್ಟ ಹೇಳಿದ್ರೂ ಆಗಿದ್ದಿಲ್ಲ."

ಲೋಕೇಶ ನಗಲಿಲ್ಲ. ಬಗ್ಗಿ, ಹಳ್ಳದ ಗೆರೆಯ ಪಕ್ಕ ಬರೆದಿದ್ದ ಸಣ್ಣ ಚೌಕವನ್ನು ಒಮ್ಮೆ ನೋಡಿ, ಪೆನ್ನಿನ ಟೊಪ್ಪಿಗೆ ತೆಗೆದ. ಅವನ ಗಂಟಲು ಮೇಲೆ ಕೆಳಗೆ ಆಡುತ್ತಿತ್ತು. ಬಚ್ಚಲಿಗೆ ಓಡುವ ಮುಂಚೆ ಅದು ಹಾಗೆಯೇ ಆಡುತ್ತದೆ.

"ಲೋಕೇಶ, ಸಹಿ ಮಾಡಬ್ಯಾಡ," ಅಂದೆ. "ಆ ಎಣ್ಣಿ ನಾ ಹಾಕೀನಿ."

"ಅವ್ವ, ಇರ್ಲಿ ಬಿಡು," ಅಂದ ಅವನು, ತಲೆ ಎತ್ತದೆ.

ಅವನ ಧ್ವನಿಯಲ್ಲಿ ಆಶ್ಚರ್ಯವಿರಲಿಲ್ಲ. ಅಂದು ಬಾಟಲಿ ನೋಡಿದಾಗಲೇ ಅವನಿಗೆ ತಿಳಿದಿತ್ತು. ಮೂರು ವಾರ ತಿಳಿದೇ ನುಂಗಿದ್ದ. ಅವನಿಗೆ ತಿಳಿಯದೆ ಇದ್ದದ್ದು ಉಳಿದ ಅರ್ಧ.

"ಸೋರಿಲ್ಲ. ನಾನ ಚಮಚಾ ಹಿಡದು ಹಾಕೀನಿ. ನನಗ ವಾಸನಿ ಬರೂದಿಲ್ಲ. ಕೊರೊನಾ ಆದಾಗಿಂದ ಬರೂದಿಲ್ಲ. ಯಾರ ಮುಂದೂ ಹೇಳಿಲ್ಲ. ಮನ್ಯಾಗ ನಾರ್ತೈತಿ ಅಂತ ಮೂಗ ಮುಚ್ಚಿದ್ದು, ಇವನ ಕೈ ಮೂಸಿ ಇನ್ನೂ ಐತಿ ಅಂದಿದ್ದು, ಎಲ್ಲಾ ಸುಳ್ಳು."

ಶಿವಗಂಗವ್ವ ನನ್ನ ಪಕ್ಕದಿಂದ ಎದ್ದು ಒಳಗೆ ಹೋದರು.

"ನಾಕ ವರ್ಷ ಮೂಗಿಲ್ದ ಅಡಿಗಿ ಮಾಡೀರಿ," ಅಂದರು ಚನಬಸಪ್ಪ. ಅವರ ತುಟಿ ಒಂದು ಕಡೆಗೆ ಸೊಟ್ಟಗಾಗಿತ್ತು. "ಮದವಿಯೊಳಗ ನಿಮ್ಮ ಕೈಯಾಗಿಂದ ನಾವೂ ಉಂಡೇವಿ. ಬಸರಿ ಹುಡಿಗಿಗೆ ಕಟ್ಟೂದು ಅಂತ ಗೊತ್ತಿದ್ದೂ ಒಬ್ಬರ ಕಡೆ ಮೂಸಿಸಿ ನೋಡಬಾರ್ದಾಗಿತ್ತೇನ್ರಿ ಅಕ್ಕಾರ? ಓದಿದಾಕಿ ಅಂತಾರ ನಿಮ್ಮನ್ನ."

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ಸುಮಿತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಅಳುತ್ತಿದ್ದಾಳೆ ಅಂದುಕೊಂಡೆ. ಸೆರಗು ಕೆಳಗೆ ಬಿಟ್ಟಾಗ ಕಣ್ಣು ಒಣಗಿದ್ದವು.

"ಮೂರ ವಾರ ನಾ ಅವರ ಮುಖಾ ನೋಡಿಲ್ಲ, ಅತ್ತಿ. ನೀವು ದಿನಾ ನನ್ನ ಕೈಯಿಂದ ತುಪ್ಪಾ ಹಾಕಿಸಿಕೊಂಡ್ರಿ."

ಇಷ್ಟು ಹೇಳಿ ಅವಳು ಎದ್ದು ಅಂಗಳಕ್ಕೆ ಹೋದಳು. ಲೋಕೇಶ ಪೆನ್ನಿಗೆ ಟೊಪ್ಪಿಗೆ ಹಾಕಿದ. ನಾಲ್ಕೂ ಚಹದ ಕಪ್ಪುಗಳನ್ನು ಒಂದೊಂದಾಗಿ ಎತ್ತಿಟ್ಟು ನಕ್ಷೆಯನ್ನು ಸುತ್ತತೊಡಗಿದ.

"ಮ್ಯಾಲಿನ ಬಯಲಾಗ ಗುಂಡಿ ಕಟ್ಟಸ್ತೀನಿ ಅಂದ್ರ ಮತ್ತ ಬರದು ಕೊಡ್ತೇನ್ರಿ. ಕಟ್ಟೂದನ್ನ ನಿಂತ ನೋಡ್ತೇನಿ. ಇದಕ್ಕಂತೂ ಸಹಿ ಮಾಡಂಗಿಲ್ಲ."

"ಅಂದ್ರ ಮತ್ತ ಹೂವ ಬರಕೋಂತ ಕುಂದರಾವ್ರು."

"ಹ್ಞೂಂರಿ."

ಚನಬಸಪ್ಪ ಎದ್ದರು. ಹೆಗಲ ಮೇಲಿನ ಟವೆಲ್ಲನ್ನು ಝಾಡಿಸಿ, ಬಾಗಿಲ ಹೊರಗೆ ಹೋಗಿ ಉಗುಳಿ, ಅಂಗಡಿಯ ಕಡೆ ನಡೆದರು. ಶರಣಬಸವ ಒಂದು ಹೆಜ್ಜೆ ಅಪ್ಪನ ಹಿಂದೆ ಇಟ್ಟವನು ನಿಂತು, ಮಾವನ ಕೈಯಿಂದ ಜಾರುತ್ತಿದ್ದ ಸುರುಳಿಗೆ ರಬ್ಬರ್ ಬ್ಯಾಂಡ್ ಹಾಕಿಕೊಟ್ಟು ಹೋದ. ಲೋಕೇಶ ಅಂಗಳಕ್ಕೆ ಹೋಗಿ ಸುಮಿತಾಳಿಂದ ಸ್ವಲ್ಪ ದೂರ ನಿಂತ. ಅವಳು ಅವನ ಕಡೆ ತಿರುಗಿರಲಿಲ್ಲ. ಆದರೆ ಅಲ್ಲಿಂದ ಸರಿಯಲೂ ಇಲ್ಲ.

ಊಟದ ಹೊತ್ತು ಮೀರಿತ್ತು. ಒಳಗೆ ತಾಟು ಹಾಕಿದ ಸಪ್ಪಳ ಆಗಲೇ ಕೇಳಿತ್ತು, ಈಗ ಅವನ್ನು ತಿರುಗಿ ಜೋಡಿಸಿಡುವ ಸಪ್ಪಳ ಬಂತು. ಏಳ್ರಿ ಊಟಕ್ಕ ಎಂದು ಯಾರೂ ಕರೆಯಲಿಲ್ಲ. ಕರೆಯಲಿ ಎಂದು ನನಗೆ ಅನಿಸಲೂ ಇಲ್ಲ. ತಲೆದಿಂಬನ್ನು ಬೆನ್ನಿನಿಂದ ತೆಗೆದು ಪಕ್ಕಕ್ಕೆ ಇಟ್ಟು, ಗೋಡೆ ಹಿಡಿದು ಏಳಲು ನೋಡಿದೆ. ಮೊಣಕಾಲು ಮೇಲೇಳಲಿಲ್ಲ.

ಅಡಿಗೆಮನೆಯ ಬಾಗಿಲಲ್ಲಿ ನೀಲಾ ನಿಂತಿದ್ದಳು. ಎಲ್ಲವನ್ನೂ ಅಲ್ಲಿಂದಲೇ ಕೇಳಿದ್ದಳು. ಮುಖ ಬಿಗಿದಿತ್ತು, ನನ್ನ ಮೇಲಿನ ಸಿಟ್ಟು ಅದರಲ್ಲಿ ಕಾಣುತ್ತಿತ್ತು. "ಎಲ್ಲಿಗೆ ಹೊಂಟಿ?" ಎಂದು ಒಳಗಿನಿಂದ ಅವಳ ಅತ್ತೆ ಕೇಳಿದರು. ನೀಲಾ ಒಂದು ಕೈ ಸೊಂಟಕ್ಕೆ ಕೊಟ್ಟುಕೊಂಡು, ಇನ್ನೊಂದು ಕೈಯಲ್ಲಿ ತಾಟು ಹಿಡಿದು ನಿಧಾನವಾಗಿ ಪಡಸಾಲೆ ದಾಟಿ ಬಂದಳು. ಬಿಸಿ ಅನ್ನ, ಬೇಳೆಸಾರು, ಒಂದು ಬದಿಗೆ ಮೆಂತ್ಯದ ಪಲ್ಲೆ. ಅನ್ನವನ್ನು ನನ್ನ ಹಲ್ಲಿಗೆ ತಕ್ಕಂತೆ ಮೆತ್ತಗೆ ಹಿಸುಕಿದ್ದಳು.

ಬಗ್ಗಲು ಅವಳಿಗೆ ಕಷ್ಟವಾಗುತ್ತಿತ್ತು. ನಾನು ಎರಡೂ ಕೈ ಮೇಲೆತ್ತಿದೆ. ಅವಳು ತಾಟನ್ನು ನನ್ನ ಕೈಯಲ್ಲಿ ಇಟ್ಟಳು.